ಬೇಸ್‌ಬಾಲ್ ಸ್ಟೇಡಿಯಂಗೆ ಹಸ್ಕೊಂಡೇ ಹೋಗಿ: ಟಿಕೆಟ್‌ನಿಂದ ಕಡಲೆಕಾಯಿ ಸಿಪ್ಪೆವರೆಗೆ

ಹೋದ ವರ್ಷ ಜೂನ್‌ನಲ್ಲಿ ಅಪ್ಪ ಅಮ್ಮ ಮೈಸೂರಿನಿಂದ ಸನ್ನಿವೇಲ್‌ಗೆ, ನಮ್ಮ ಮನೆಗೆ ಬಂದಿದ್ದರು. ಗೋಲ್ಡನ್ ಗೇಟ್ ಸೇತುವೆ ಆಯಿತು, ಲಿವರ್‌ಮೋರ್ ದೇವಸ್ಥಾನ ಆಯಿತು, ಕಾಸ್ಟ್‌ಕೋ ಎರಡು ಸಲ ಆಯಿತು. "ಇನ್ನೇನಿದೆಯೋ ನಿಮ್ಮೂರಲ್ಲಿ?" ಅಂತ ಅಪ್ಪ ಕೇಳಿದಾಗ ಬೇರೇನೂ ತೋಚದೆ ಬೇಸ್‌ಬಾಲ್ ಮ್ಯಾಚಿಗೆ ಕರೆದುಕೊಂಡು ಹೋದೆ. ಮೂರನೇ ಇನ್ನಿಂಗ್ಸ್ ಹೊತ್ತಿಗೆ ಅಪ್ಪ ಗೊಣಗಿದರು: "ಇದ್ರಲ್ಲಿ ಏನೂ ಆಗ್ತಾನೇ ಇಲ್ವಲ್ಲೋ." ಅಮ್ಮ ಫ್ರೈಸ್ ಪೊಟ್ಟಣದಿಂದ ತಲೆ ಎತ್ತದೆ ಹೇಳಿದಳು: "ಆಗ್ದಿದ್ರೆ ಒಳ್ಳೇದೇ ಅಲ್ವಾ, ತಿನ್ನೋಕೆ ಟೈಮ್ ಸಿಗತ್ತೆ."

ಹತ್ತು ವರ್ಷದಿಂದ ಸ್ಟೇಡಿಯಂ ಸುತ್ತುತ್ತಿರುವ ನನಗೂ ಇಷ್ಟು ಸರಿಯಾಗಿ ಹೇಳಲು ಬಂದಿರಲಿಲ್ಲ. ಕ್ರಿಕೆಟ್‌ಗೆ ಹೋದ ಹಾಗೆ ಬೇಸ್‌ಬಾಲ್‌ಗೆ ಹೋದರೆ ಬೇಜಾರಾಗುತ್ತದೆ. ಜಾತ್ರೆಗೆ ಹೋದ ಹಾಗೆ ಹೋಗಬೇಕು. ತೇರು ಒಂದು ಕಡೆ ಎಳೆಯುತ್ತಿರಲಿ, ನೀವು ಅಂಗಡಿ ಸಾಲಿನಲ್ಲಿರಿ. ಜನ ಕೂಗಿದಾಗ ತಿರುಗಿ ನೋಡಿದರಾಯಿತು.

ಅಮೆರಿಕದಲ್ಲಿ ಇರುವವರಿಗೆ, ಬೇಸಿಗೆಯಲ್ಲಿ ಮಕ್ಕಳ ಮನೆಗೆ ಬರುವ ಅಪ್ಪ ಅಮ್ಮಂದಿರಿಗೆ, ಆಫೀಸ್ ಕೆಲಸಕ್ಕೆ ಬಂದು ಒಂದು ಸಂಜೆ ಖಾಲಿ ಸಿಕ್ಕವರಿಗೆ ಈ ಮಾರ್ಗದರ್ಶಿ.

ಹೆಜ್ಜೆ 1: ಟೀಮ್ ಊರಲ್ಲಿದೆಯಾ ನೋಡಿ

ಎಲ್ಲಕ್ಕಿಂತ ಮೊದಲ ಕೆಲಸ ಇದೇ. ಹೊಸಬರು ತಪ್ಪು ಮಾಡುವುದೂ ಇಲ್ಲೇ. ಮೇಜರ್ ಲೀಗ್, ಅಂದರೆ ಇಲ್ಲಿನ ಅತಿ ದೊಡ್ಡ ಬೇಸ್‌ಬಾಲ್ ಲೀಗ್‌ನಲ್ಲಿ 30 ಟೀಮ್‌ಗಳಿವೆ. ಒಂದೊಂದು ಟೀಮ್ ಒಂದು ಸೀಸನ್‌ನಲ್ಲಿ 162 ಮ್ಯಾಚ್ ಆಡುತ್ತದೆ, ಅದರಲ್ಲಿ 81 ಮಾತ್ರ ಸ್ವಂತ ಊರಲ್ಲಿ. ಅಂದರೆ ಅರ್ಧ ಸೀಸನ್ ಸ್ಟೇಡಿಯಂ ಖಾಲಿ. ಒಂದು ವಾರ ಊರಲ್ಲಿ ಆಡಿ, ಇನ್ನೊಂದು ವಾರ ಹೊರಗೆ ಹೋಗುವುದು ಮಾಮೂಲು. ಊರಲ್ಲಿ ಸತತವಾಗಿ ಆಡುವ ಆ ಕೆಲವು ದಿನಗಳಿಗೆ 'ಹೋಮ್ ಸ್ಟ್ಯಾಂಡ್' ಅನ್ನುತ್ತಾರೆ. ವಿಮಾನದ ಟಿಕೆಟ್ ತೆಗೆಯುವ ಮುಂಚೆಯೇ ಇದನ್ನು ನೋಡಿಕೊಳ್ಳಿ. ನಾನು ಮೊದಲ ಸಲ ಸಿಯಾಟಲ್‌ಗೆ ಹೋದಾಗ ಟೀಮ್ ಎಲ್ಲೋ ಟೆಕ್ಸಸ್ ಕಡೆ ಆಡುತ್ತಿತ್ತು. ಸ್ಟೇಡಿಯಂ ಗೇಟಿನ ಮುಂದೆ ಫೋಟೊ ತೆಗೆಸಿಕೊಂಡು ವಾಪಸ್ ಬಂದೆ.

ಸೀಸನ್ ಮಾರ್ಚ್ ಕೊನೆಗೆ ಶುರುವಾಗಿ ಸೆಪ್ಟೆಂಬರ್ ಕೊನೆವರೆಗೆ ನಡೆಯುತ್ತದೆ. ಅಕ್ಟೋಬರ್‌ನಲ್ಲಿ ನಾಕೌಟ್ ಮ್ಯಾಚುಗಳು. ಅವಕ್ಕೆ ಟಿಕೆಟ್ ಸಿಗುವುದೂ ಕಷ್ಟ, ಸಿಕ್ಕರೂ ದುಬಾರಿ. ಜುಲೈ ಮಧ್ಯದಲ್ಲಿ ಆಲ್-ಸ್ಟಾರ್ ಬಿಡುವು ಅಂತ ಕೆಲವು ದಿನ ಎಲ್ಲ ಕಡೆ ರಜೆ. ನನ್ನನ್ನು ಕೇಳಿದರೆ ಮೇ ಮತ್ತು ಜೂನ್ ಒಳ್ಳೆಯದು. ಆಗಸ್ಟ್‌ನಲ್ಲಿ ಟೆಕ್ಸಸ್, ಅರಿಜೋನ ಕಡೆ ಸೆಖೆ ತಡೆಯಲಾಗುವುದಿಲ್ಲ. ಅಲ್ಲಿನ ಸ್ಟೇಡಿಯಂಗಳಿಗೆ ಮುಚ್ಚುವ ಛಾವಣಿ, ಏಸಿ ಎರಡೂ ಇವೆ, ಹಾಗಾಗಿ ಒಳಗೆ ಹೋದ ಮೇಲೆ ಚಿಂತೆಯಿಲ್ಲ.

ಹೆಜ್ಜೆ 2: ಯಾವ ಸ್ಟೇಡಿಯಂ?

ಹತ್ತಿರ ಇರುವುದಕ್ಕೆ ಹೋಗಿ, ಅಷ್ಟೇ. ಆದರೆ ಒಂದು ವಾರ ರಜೆ ಇದ್ದು ಬರೀ ಸ್ಟೇಡಿಯಂ ಸುತ್ತಬೇಕು ಅನ್ನುವ ಹುಚ್ಚು ಇದ್ದರೆ, ಕಾರ್ ಬಿಟ್ಟು ರೈಲು ಹಿಡಿಯಿರಿ. ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ಬಾಲ್ಟಿಮೋರ್, ವಾಷಿಂಗ್ಟನ್ ಎಲ್ಲ ಒಂದೇ ಆಮ್‌ಟ್ರಾಕ್ ದಾರಿಯಲ್ಲಿವೆ. ನ್ಯೂಯಾರ್ಕ್‌ನಲ್ಲೇ ಎರಡು ಇರುವುದರಿಂದ ಒಟ್ಟು ಆರು ಸ್ಟೇಡಿಯಂ. ಶಿಕಾಗೊದಿಂದ ಮಿಲ್ವಾಕಿಗೆ ರೈಲಿನಲ್ಲಿ ಒಂದೂವರೆ ಗಂಟೆ. ಲಾಸ್ ಏಂಜಲೀಸ್‌ನಿಂದ ಸ್ಯಾನ್ ಡಿಯಾಗೊಗೆ ಹೋಗುವ ರೈಲು ಅನಾಹೈಮ್‌ನಲ್ಲಿ ಏಂಜಲ್ ಸ್ಟೇಡಿಯಂ ಪಕ್ಕದಲ್ಲೇ ನಿಲ್ಲುತ್ತದೆ. ಒಂದೇ ಹಳಿ, ಮೂರು ಸ್ಟೇಡಿಯಂ.

ಹಳೆಯದನ್ನು ನೋಡಬೇಕು ಅಂದರೆ ಎರಡೇ ಎರಡು: ಬಾಸ್ಟನ್ನಿನ ಫೆನ್ವೇ ಪಾರ್ಕ್ (1912) ಮತ್ತು ಶಿಕಾಗೊದ ರಿಗ್ಲಿ ಫೀಲ್ಡ್ (1914). ಫೆನ್ವೇಯಲ್ಲಿ ಎಡಗಡೆ ಬೌಂಡರಿಗೆ 37 ಅಡಿ ಎತ್ತರದ ಹಸಿರು ಗೋಡೆ ಇದೆ, 'ಗ್ರೀನ್ ಮಾನ್‌ಸ್ಟರ್'. ಬಲಗಡೆ ಹಸಿರು ಕುರ್ಚಿಗಳ ನಡುವೆ ಒಂದೇ ಒಂದು ಕೆಂಪು ಕುರ್ಚಿ. 1946ರಲ್ಲಿ ಅಲ್ಲಿನ ಟೀಮಿನ ಟೆಡ್ ವಿಲಿಯಮ್ಸ್ ಹೊಡೆದ 502 ಅಡಿಯ ಹೋಮ್ ರನ್ ಬಿದ್ದ ಜಾಗ ಅದು. ರಿಗ್ಲಿಯ ಬೌಂಡರಿ ಗೋಡೆ ತುಂಬಾ ಐವಿ ಬಳ್ಳಿ. ಅಲ್ಲಿ ದೀಪ ಹಾಕಿದ್ದೇ 1988ರಲ್ಲಿ, ಅಲ್ಲಿಯವರೆಗೆ ಹಗಲು ಮ್ಯಾಚ್ ಮಾತ್ರ. ಸ್ಕೋರ್‌ಬೋರ್ಡಿನ ಅಂಕಿಗಳನ್ನು ಈಗಲೂ ಒಳಗೆ ಕೂತ ಜನ ಕೈಯಲ್ಲಿ ಬದಲಾಯಿಸುತ್ತಾರೆ.

ಚೆಂದದ್ದು ಬೇಕು ಅಂದರೆ ಪಿಟ್ಸ್‌ಬರ್ಗ್‌ನ ಪಿಎನ್‌ಸಿ ಪಾರ್ಕ್ ಅಥವಾ ನಮ್ಮ ಸ್ಯಾನ್ ಫ್ರಾನ್ಸಿಸ್ಕೊದ ಒರಾಕಲ್ ಪಾರ್ಕ್. ಪಿಟ್ಸ್‌ಬರ್ಗ್‌ನಲ್ಲಿ ಮ್ಯಾಚ್ ದಿನ ರಾಬರ್ಟೊ ಕ್ಲೆಮೆಂಟೆ ಸೇತುವೆಯ ಮೇಲೆ ವಾಹನ ಬಿಡುವುದಿಲ್ಲ. ಇಡೀ ಊರು ಹೊಳೆ ದಾಟಿಕೊಂಡು ನಡೆದೇ ಬರುತ್ತದೆ. ಆ ನೋಟಕ್ಕಾಗಿಯೇ ಹೋಗಬಹುದು.

ದುಡ್ಡು ಕಡಿಮೆ, ಚಿಕ್ಕ ಮಕ್ಕಳು ಜಾಸ್ತಿ ಅನ್ನುವ ಮನೆಯವರು ಮೈನರ್ ಲೀಗ್, ಅಂದರೆ ಮೇಜರ್ ಲೀಗ್‌ಗಿಂತ ಕೆಳಗಿನ ಹಂತದ ಮ್ಯಾಚ್ ನೋಡಿ. ಸ್ಯಾನ್ ಹೋಸೆ ಜೈಂಟ್ಸ್ ಆಡುವ ಸ್ಟೇಡಿಯಂ 1942ರದ್ದು, ಪುಟ್ಟದು. ಆಟಗಾರರು ಬೇಲಿ ಪಕ್ಕದಲ್ಲೇ ಓಡಾಡುತ್ತಾರೆ. ಮಕ್ಕಳು ಎಲ್ಲಿ ಓಡಿದರೂ ಕಣ್ಣಿಗೆ ಬೀಳುತ್ತಾರೆ. ಓಕ್‌ಲ್ಯಾಂಡ್ ಕಡೆಯವರಿಗೆ ಮಾತ್ರ ಬೇಜಾರು. ಏಸ್ ಟೀಮ್ 2024ರ ಸೀಸನ್ ಮುಗಿಸಿ ಆ ಊರು ಬಿಟ್ಟಿತು. ಈಗ ವೆಸ್ಟ್ ಸ್ಯಾಕ್ರಮೆಂಟೊದ ಒಂದು ಮೈನರ್ ಲೀಗ್ ಸ್ಟೇಡಿಯಂನಲ್ಲಿ ಬಾಡಿಗೆದಾರರ ಹಾಗೆ ಆಡುತ್ತಿದೆ.

ಹೆಜ್ಜೆ 3: ಟಿಕೆಟ್

ಮಂಗಳವಾರ, ಬುಧವಾರ ಹೋಗಿ. ಶನಿವಾರ ಕೊಡುವ ದುಡ್ಡಿನ ಅರ್ಧಕ್ಕೆ ಎಷ್ಟೋ ಸಲ ಒಳ್ಳೆ ಸೀಟ್ ಸಿಗುತ್ತದೆ. ಎದುರಾಳಿ ಯಾರು ಅನ್ನುವುದರ ಮೇಲೂ ಬೆಲೆ ಏರಿಳಿಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಮತ್ತು ಲಾಸ್ ಏಂಜಲೀಸ್ ಡಾಡ್ಜರ್ಸ್ ಅಂದರೆ ಹಳೆ ದಾಯಾದಿಗಳು. ಎರಡೂ ನ್ಯೂಯಾರ್ಕ್‌ನವು, 1958ರಲ್ಲಿ ಒಟ್ಟಿಗೆ ಕ್ಯಾಲಿಫೋರ್ನಿಯಾಗೆ ಬಂದವು, ಜಗಳವನ್ನೂ ಜೊತೆಗೇ ತಂದವು. ಆ ಮ್ಯಾಚಿಗೆ ಬೆಲೆ ಜಾಸ್ತಿ. ಆಟ ಗೊತ್ತಿಲ್ಲದವರಿಗೆ ಯಾವ ಎದುರಾಳಿಯಾದರೂ ಒಂದೇ ತಾನೇ?

ಬೆಲೆ ನೋಡುವಾಗ ಕೊನೆಯ ಪುಟದವರೆಗೂ ಹೋಗಿ, ಸರ್ವಿಸ್ ಫೀ ಸೇರಿಸಿ ನೋಡಿ.

ಸೀಟ್ ಆರಿಸುವುದಕ್ಕೆ ಒಂದು ಸೂತ್ರ ಇದೆ. ಹೆಚ್ಚಿನ ಮೈದಾನಗಳಲ್ಲಿ ಬ್ಯಾಟ್ಸ್‌ಮನ್ ಪೂರ್ವ ಅಥವಾ ಈಶಾನ್ಯದ ಕಡೆ ಮುಖ ಮಾಡಿ ನಿಲ್ಲುತ್ತಾನೆ. ಹಾಗಾಗಿ ಮಧ್ಯಾಹ್ನದ ಬಿಸಿಲು ಅವನ ಬೆನ್ನ ಹಿಂದಿನಿಂದ ಬರುತ್ತದೆ. ಹೋಮ್ ಪ್ಲೇಟ್ (ಅವನು ನಿಲ್ಲುವ ಜಾಗ) ಹಿಂದೆ ಮತ್ತು ಮೂರನೇ ಬೇಸ್ ಕಡೆ, ಅಂದರೆ ಅವನ ಎಡಗಡೆ, ಬೇಗ ನೆರಳು ಬೀಳುತ್ತದೆ. ಬಲಗಡೆ ಬೌಂಡರಿ ಸೀಟುಗಳಲ್ಲಿ ಕೂತರೆ ಸಂಜೆವರೆಗೂ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ. ವಯಸ್ಸಾದವರು ಜೊತೆಗಿದ್ದರೆ ಮೂರನೇ ಬೇಸ್ ಕಡೆ ತೆಗೆದುಕೊಳ್ಳಿ. ಮೇಲಿನ ಅಂತಸ್ತಿನ ಮೆಟ್ಟಿಲು ಕಡಿದು. ಮಂಡಿ ನೋವು ಇರುವವರನ್ನು ಅಲ್ಲಿ ಹತ್ತಿಸಬೇಡಿ.

ಫೆನ್ವೇ, ರಿಗ್ಲಿಯಂಥ ಹಳೆ ಕಡೆ ಛಾವಣಿ ಹೊತ್ತ ಕಂಬಗಳಿವೆ. ಟಿಕೆಟ್ ಮೇಲೆ 'ಅಬ್‌ಸ್ಟ್ರಕ್ಟೆಡ್ ವ್ಯೂ' ಅಂತ ಇದ್ದರೆ ನಿಮ್ಮ ಮುಂದೆ ಕಂಬ ಇದೆ ಅಂತ ಅರ್ಥ. ಅಗ್ಗ ಅಂತ ಒಂದು ಸಲ ಕೊಂಡು ಮೂರು ಗಂಟೆ ಕಂಬ ನೋಡಿಕೊಂಡು ಕೂತಿದ್ದೆ. ಪಿಚರ್ ಚೆಂಡು ಎಸೆಯುವುದು ಕಾಣುತ್ತಿತ್ತು, ಅದು ಎಲ್ಲಿಗೆ ಹೋಯಿತು ಅನ್ನುವುದು ಮಾತ್ರ ಪಕ್ಕದವರ ಮುಖ ನೋಡಿ ತಿಳಿಯಬೇಕಿತ್ತು.

ಕಾಗದದ ಟಿಕೆಟ್ ಈಗ ಇಲ್ಲ ಅಂತಲೇ ಅಂದುಕೊಳ್ಳಿ. ಎಂಎಲ್‌ಬಿ ಬಾಲ್‌ಪಾರ್ಕ್ ಅನ್ನುವ ಆ್ಯಪ್ ಹಾಕಿಕೊಂಡು, ಎಲ್ಲರ ಟಿಕೆಟ್ಟೂ ಒಂದೇ ಫೋನಿನಲ್ಲಿ ಇಟ್ಟುಕೊಳ್ಳಿ. ಮನೆಯಲ್ಲೇ ಫೋನಿನ ವಾಲೆಟ್‌ಗೆ ಸೇರಿಸಿಕೊಂಡು ಬನ್ನಿ. ಗೇಟ್ ಹತ್ತಿರ ಸಾವಿರಾರು ಜನರ ಮಧ್ಯೆ ನೆಟ್‌ವರ್ಕ್ ಸುಸ್ತಾಗಿರುತ್ತದೆ.

ಟಿಕೆಟ್ಟೇ ಇಲ್ಲದೆ ನೋಡುವ ದಾರಿಯೂ ಒಂದಿದೆ. ಒರಾಕಲ್ ಪಾರ್ಕ್‌ನಲ್ಲಿ ಸಮುದ್ರದ ಕಡೆಯ ಗೋಡೆಯಲ್ಲಿ ಕಮಾನುಗಳಿವೆ. ಹೊರಗಿನ ದಾರಿಯಲ್ಲಿ ನಿಂತು ಅದರ ಮೂಲಕ ಪುಕ್ಕಟೆ ನೋಡಬಹುದು. ಜನ ಜಾಸ್ತಿ ಇದ್ದರೆ ಮೂರು ಇನ್ನಿಂಗ್ಸ್ ಆದ ಮೇಲೆ ಬೇರೆಯವರಿಗೆ ಜಾಗ ಬಿಡಬೇಕು.

ಹೆಜ್ಜೆ 4: ಏನು ತರಬೇಕು, ಏನು ತರಬಾರದು

ನಮ್ಮ ಚಿನ್ನಸ್ವಾಮಿಗೆ ನೀರಿನ ಬಾಟ್ಲಿ ಒಯ್ಯಲು ಬಿಡದೆ ಗೇಟಿನಲ್ಲೇ ಕಸಿದುಕೊಂಡದ್ದು ನೆನಪಿದೆಯಲ್ಲ? ಇಲ್ಲಿ ಹಾಗಲ್ಲ. ಬಹಳಷ್ಟು ಬೇಸ್‌ಬಾಲ್ ಸ್ಟೇಡಿಯಂಗಳು ಮನೆ ತಿಂಡಿ ತರಲು ಬಿಡುತ್ತವೆ. ಸೀಲ್ ಒಡೆಯದ ಪ್ಲಾಸ್ಟಿಕ್ ನೀರಿನ ಬಾಟಲಿಯನ್ನೂ ಬಿಡುತ್ತವೆ. ಒಂದೊಂದು ಕಡೆ ಒಂದೊಂದು ನಿಯಮ, ಹಾಗಾಗಿ ಹೊರಡುವ ಹಿಂದಿನ ದಿನ ಆ ಸ್ಟೇಡಿಯಂನ ವೆಬ್‌ಸೈಟ್ ನೋಡಿಬಿಡಿ. ಬ್ಯಾಗಿನ ಅಳತೆಯೂ ಅಲ್ಲೇ ಇರುತ್ತದೆ. ಬ್ಯಾಕ್‌ಪ್ಯಾಕ್ ಎಷ್ಟೋ ಕಡೆ ಬಿಡುವುದಿಲ್ಲ. ಗಾಜು, ಕ್ಯಾನ್, ಗಟ್ಟಿ ಡಬ್ಬಿ ಬೇಡ.

ಈ ಗಟ್ಟಿ ಡಬ್ಬಿ ವಿಷಯದಲ್ಲಿ ನಮಗೊಂದು ಪಾಠ ಆಗಿದೆ. ಒಂದು ಊರಿನ ಸ್ಟೇಡಿಯಂಗೆ ಅಮ್ಮ ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನ ತಂದಿದ್ದಳು. ಗೇಟಿನ ಹುಡುಗ ಡಬ್ಬಿ ತಟ್ಟಿ ನೋಡಿ, ಇದು ಒಳಗೆ ಹೋಗಲ್ಲ ಅಂದ. ಅನ್ನ ಎಸೆಯುವುದಾ? ಸಾಧ್ಯವೇ ಇಲ್ಲ. ಮೂವರೂ ಪಕ್ಕದ ಕಟ್ಟೆ ಮೇಲೆ ಕೂತು ಕೈಯಲ್ಲೇ ಚಿತ್ರಾನ್ನ ಮುಗಿಸಿದೆವು. ಡಬ್ಬಿಯನ್ನು ವಾಪಸ್ ಕಾರಿಗೆ ಇಟ್ಟು ಬಂದೆ. ಆಮೇಲಿಂದ ಜಿಪ್ ಹಾಕುವ ಪ್ಲಾಸ್ಟಿಕ್ ಕವರ್‌ನಲ್ಲಿ ಕೋಡುಬಳೆ, ನಿಪ್ಪಟ್ಟು, ಇನ್ನೊಂದು ಸಣ್ಣ ಪೊಟ್ಟಣದಲ್ಲಿ ಚಟ್ನಿಪುಡಿ. ಚಟ್ನಿಪುಡಿ ಯಾಕೆ ಅಂತ ಮುಂದೆ ಹೇಳುತ್ತೇನೆ.

ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವವರು ದಯವಿಟ್ಟು ಕೇಳಿ: ಸ್ವೆಟರ್ ತನ್ನಿ. ಸನ್ನಿವೇಲ್‌ನಲ್ಲಿ ಎಷ್ಟೇ ಸೆಖೆ ಇರಲಿ, ಸಂಜೆ ಏಳರ ಮೇಲೆ ಅಲ್ಲಿ ಸಮುದ್ರದ ಗಾಳಿ ಮೂಳೆ ಕೊರೆಯುತ್ತದೆ. ಅಪ್ಪ ಮಂಕಿ ಕ್ಯಾಪ್ ತಂದಾಗ ನನಗೆ ನಾಚಿಕೆಯಾಗಿತ್ತು. ಆರನೇ ಇನ್ನಿಂಗ್ಸ್ ಹೊತ್ತಿಗೆ ಹೊಟ್ಟೆಕಿಚ್ಚಾಯಿತು.

ನಗದು ಎಷ್ಟೋ ಕಡೆ ನಡೆಯುವುದಿಲ್ಲ, ಕಾರ್ಡ್ ಇರಲಿ. ಬೀರ್ ಬೇಕಾದವರು ಪಾಸ್‌ಪೋರ್ಟ್ ಅಥವಾ ಲೈಸೆನ್ಸ್ ತನ್ನಿ. ತಲೆಗೂದಲು ಬೆಳ್ಳಗಾಗಿದ್ದರೂ 21 ದಾಟಿದೆ ಅಂತ ತೋರಿಸಿ ಅನ್ನುತ್ತಾರೆ. ಬೀರ್ ಮಾರಾಟ ಹೆಚ್ಚಿನ ಕಡೆ ಏಳು, ಎಂಟನೇ ಇನ್ನಿಂಗ್ಸ್ ಹೊತ್ತಿಗೆ ನಿಲ್ಲುತ್ತದೆ.

ಹೆಜ್ಜೆ 5: ಬೇಗ ಹೋಗಿ, ಒಂದು ಸುತ್ತು ಹಾಕಿ

ಕಾರ್ ಪಾರ್ಕಿಂಗ್ ದುಡ್ಡಿನಲ್ಲಿ ಇಬ್ಬರು ಹೊಟ್ಟೆ ತುಂಬಾ ತಿನ್ನಬಹುದು. ಸ್ಯಾನ್ ಫ್ರಾನ್ಸಿಸ್ಕೊಗೆ ಕ್ಯಾಲ್‌ಟ್ರೈನ್ ಹಿಡಿದರೆ ಕೊನೆಯ ಸ್ಟೇಷನ್‌ನಿಂದ ಸ್ಟೇಡಿಯಂಗೆ ನಡೆದೇ ಹೋಗಬಹುದು. ಲಾಸ್ ಏಂಜಲೀಸ್‌ನಲ್ಲಿ ಯೂನಿಯನ್ ಸ್ಟೇಷನ್‌ನಿಂದ ಡಾಡ್ಜರ್ ಸ್ಟೇಡಿಯಂಗೆ ಟಿಕೆಟ್ ಇದ್ದವರಿಗೆ ಪುಕ್ಕಟೆ ಬಸ್ ಇದೆ. ನ್ಯೂಯಾರ್ಕ್‌ನ ಸಿಟಿ ಫೀಲ್ಡ್‌ಗೆ 7 ನಂಬರ್ ರೈಲು, ರಿಗ್ಲಿಗೆ ರೆಡ್ ಲೈನ್‌ನಲ್ಲಿ ಆಡಿಸನ್ ಸ್ಟಾಪ್, ಫೆನ್ವೇಗೆ ಗ್ರೀನ್ ಲೈನ್‌ನಲ್ಲಿ ಕೆನ್ಮೋರ್. ಫೆನ್ವೇ ಅನ್ನುವ ಹೆಸರಿನ ಸ್ಟಾಪೇ ಬೇರೆ ಇದೆ. ಹೆಸರು ನೋಡಿ ಮೋಸ ಹೋಗಬೇಡಿ, ಕೆನ್ಮೋರೇ ಹತ್ತಿರ.

ಮ್ಯಾಚ್ ಶುರುವಾಗುವ ಒಂದೂವರೆ ಗಂಟೆ ಮುಂಚೆ ತಲುಪಿ. ಬೊಂಬೆ, ಟೋಪಿ, ಅಂಗಿ ಏನಾದರೂ ಹಂಚುವ ದಿನವಾದರೆ ಇನ್ನೂ ಬೇಗ, ಮೊದಲು ಬಂದವರಿಗೆ ಮಾತ್ರ ಸಿಗುತ್ತದೆ. ಒಳಗೆ ಹೋದ ತಕ್ಷಣ ಏನನ್ನೂ ಕೊಳ್ಳಬೇಡಿ. ಸೀಟಿಗೂ ಹೋಗಬೇಡಿ. ಪೂರ್ತಿ ಒಂದು ಸುತ್ತು ಹಾಕಿ. ಮದುವೆ ಮನೆ ಬಫೆಯಲ್ಲಿ ತಟ್ಟೆ ಹಿಡಿಯುವ ಮುಂಚೆ ಏನೇನಿದೆ ಅಂತ ಕಣ್ಣು ಹಾಯಿಸುವುದಿಲ್ಲವಾ, ಹಾಗೆ. ಗೇಟ್ ಪಕ್ಕದ ಅಂಗಡಿಯಲ್ಲಿ ಎಲ್ಲ ಕಡೆ ಸಿಗುವ ಮಾಮೂಲಿ ತಿಂಡಿ, ಉದ್ದದ ಸಾಲು. ಆ ಊರಿನದೇ ಅನ್ನುವ ತಿಂಡಿ ಹೆಚ್ಚಾಗಿ ದೂರದಲ್ಲಿ, ಬೌಂಡರಿ ಹಿಂದೆ ಇರುತ್ತದೆ.

ಸುತ್ತು ಹಾಕುವಾಗ 'ಗೆಸ್ಟ್ ಸರ್ವಿಸಸ್' ಅನ್ನುವ ಕೌಂಟರ್ ಸಿಕ್ಕರೆ ನಿಲ್ಲಿ. ಇದು ನನ್ನ ಮೊದಲ ಮ್ಯಾಚ್ ಅಂತ ಹೇಳಿದರೆ ಬಹಳ ಕಡೆ ಹೆಸರು ಬರೆದು ಒಂದು ಸರ್ಟಿಫಿಕೇಟ್ ಕೊಡುತ್ತಾರೆ, ದುಡ್ಡಿಲ್ಲ. ಮಕ್ಕಳಿಗೆ ಮಾತ್ರ ಅಂದುಕೊಂಡಿದ್ದೆ. ಅರವತ್ತನಾಲ್ಕರ ಅಮ್ಮನಿಗೂ ಕೊಟ್ಟರು. ಅದು ಈಗ ಮೈಸೂರಿನ ಮನೆಯ ಷೋಕೇಸಿನಲ್ಲಿ, ನನ್ನ ಇಂಜಿನಿಯರಿಂಗ್ ಫೋಟೊ ಪಕ್ಕದಲ್ಲಿದೆ.

ಹೆಜ್ಜೆ 6: ಐದು ನಿಮಿಷದಲ್ಲಿ ಆಟ

ಒಂಬತ್ತು ಇನ್ನಿಂಗ್ಸ್. ಒಂದೊಂದರಲ್ಲೂ ಎರಡು ಟೀಮ್‌ಗಳು ಒಂದೊಂದು ಸಲ ಬ್ಯಾಟ್ ಮಾಡುತ್ತವೆ, ಮೊದಲು ಹೊರಗಿನವರು, ಆಮೇಲೆ ಊರಿನವರು. ಮೂರು ಜನ ಔಟಾದರೆ ಸರದಿ ಮುಗೀತು. ಹೊಡೆಯಬೇಕಾದ ಚೆಂಡನ್ನು ಬಿಟ್ಟರೂ, ಬೀಸಿ ತಪ್ಪಿದರೂ ಸ್ಟ್ರೈಕ್. ಮೂರು ಸ್ಟ್ರೈಕ್‌ಗೆ ಔಟ್. ಪಿಚರ್ ನಾಲ್ಕು ಸಲ ಅಡ್ಡಾದಿಡ್ಡಿ ಎಸೆದರೆ ಬ್ಯಾಟ್ಸ್‌ಮನ್ ಸುಮ್ನೆ ನಡೆದುಕೊಂಡು ಮೊದಲ ಬೇಸ್‌ಗೆ (ಓಡಿ ಮುಟ್ಟಬೇಕಾದ ನಾಲ್ಕು ಗುರುತುಗಳಲ್ಲಿ ಮೊದಲನೆಯದಕ್ಕೆ) ಹೋಗುತ್ತಾನೆ. ನಾಲ್ಕು ಬೇಸ್ ಸುತ್ತಿ ಬಂದರೆ ಒಂದು ರನ್. ಗೋಡೆ ದಾಟಿಸಿದರೆ ಹೋಮ್ ರನ್, ನಮ್ಮ ಸಿಕ್ಸರ್‌ನ ಹಾಗೆ. ಹಿಂದಕ್ಕೆ, ಗೆರೆಯ ಆಚೆಗೆ ಹೊಡೆದರೆ ಫೌಲ್, ರನ್ ಇಲ್ಲ. ಅಪ್ಪ ಅದಕ್ಕೂ ಚಪ್ಪಾಳೆ ಹೊಡೆಯುತ್ತಿದ್ದರು. "ಫೈನ್ ಲೆಗ್‌ನಲ್ಲಿ ಫೋರ್ ಅಲ್ವೇನೋ?"

ಮೊದಲು ಮ್ಯಾಚ್ ಮೂರು ಗಂಟೆ ದಾಟುತ್ತಿತ್ತು. 2023ರಲ್ಲಿ ಪಿಚ್ ಕ್ಲಾಕ್ ತಂದರು. ಬೇಸ್ ಖಾಲಿ ಇದ್ದರೆ ಪಿಚರ್ 15 ಸೆಕೆಂಡಿನೊಳಗೆ ಎಸೆಯಬೇಕು. ಈಗ ಸುಮಾರು ಎರಡು ಗಂಟೆ ನಲವತ್ತು ನಿಮಿಷದಲ್ಲಿ ಮುಗಿಯುತ್ತದೆ. ತಿನ್ನುವವರಿಗೆ ಇದು ನಷ್ಟ. ಅದಕ್ಕೇ ಮುಂದಿನ ಹೆಜ್ಜೆಗೆ ಲೆಕ್ಕಾಚಾರ ಬೇಕು.

ಹೆಜ್ಜೆ 7: ಇನ್ನಿಂಗ್ಸ್ ಲೆಕ್ಕದಲ್ಲಿ ತಿನ್ನಿ

ಎಲ್ಲರೂ ಏಳುವುದು ಇನ್ನಿಂಗ್ಸ್ ಮುಗಿದಾಗ. ಆಗ ಸಾಲಿನಲ್ಲಿ ನಿಂತರೆ ಕೆಟ್ಟಿರಿ. ಊರಿನ ಟೀಮ್ ಬ್ಯಾಟ್ ಮಾಡುತ್ತಿರುವಾಗ ಎದ್ದು ಹೋಗಿ, ಅಂಗಡಿಗಳು ಖಾಲಿ ಇರುತ್ತವೆ. ಕೌಂಟರ್ ಮೇಲೆ ಟೀವಿ ಇರುತ್ತದೆ, ಏನೂ ತಪ್ಪುವುದಿಲ್ಲ. ಒಬ್ಬರಿಗೆ 30ರಿಂದ 40 ಡಾಲರ್ ಇಟ್ಟುಕೊಳ್ಳಿ. ಡಾಲರ್ ಅನ್ನು ರೂಪಾಯಿಗೆ ಗುಣಿಸುವ ಕೆಲಸ ಅವತ್ತೊಂದು ದಿನ ಬಿಟ್ಟುಬಿಡಿ. ಅಪ್ಪನಿಂದ ಆಗಲಿಲ್ಲ. ಒಂದು ಪ್ಲೇಟ್ ಫ್ರೈಸ್ ಬೆಲೆಗೆ ಮೈಸೂರಲ್ಲಿ ಎಷ್ಟು ಮಸಾಲೆ ದೋಸೆ ಬರುತ್ತದೆ ಅಂತ ಎರಡನೇ ಇನ್ನಿಂಗ್ಸ್ ಪೂರ್ತಿ ಲೆಕ್ಕ ಹಾಕಿದರು.

ಮೊದಲು ಕಡಲೆಕಾಯಿ. ಸಿಪ್ಪೆ ಸಮೇತ ಹುರಿದು ಉಪ್ಪು ಹಾಕಿದ್ದು, ಒಂದು ಚೀಲ ತಗೊಂಡರೆ ನಾಲ್ಕು ಜನಕ್ಕೆ ಐದು ಇನ್ನಿಂಗ್ಸ್ ಬರುತ್ತದೆ. ಬಸವನಗುಡಿ ಪರಿಷೆಯಲ್ಲಿ ಸೇರು ಲೆಕ್ಕದಲ್ಲಿ ಕೊಂಡು ತಿಂದವರಿಗೆ ಇದರಲ್ಲಿ ಕಲಿಯಲು ಏನೂ ಇಲ್ಲ. ಒಂದನ್ನು ಬಿಟ್ಟು: ಸಿಪ್ಪೆಯನ್ನು ಕಾಲ ಬುಡಕ್ಕೇ ಹಾಕಬೇಕು. ಅದೇ ಇಲ್ಲಿನ ಪದ್ಧತಿ. ಮ್ಯಾಚ್ ಮುಗಿಯುವ ಹೊತ್ತಿಗೆ ಕಾಲಿಟ್ಟ ಕಡೆಯೆಲ್ಲ ಕರಕರ ಅನ್ನುತ್ತದೆ. ಅಮ್ಮನ ಕೈಲಿ ಇದು ಆಗಲೇ ಇಲ್ಲ. ಪರ್ಸಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ತೊಡೆ ಮೇಲೆ ಇಟ್ಟುಕೊಂಡು ಸಿಪ್ಪೆ ತುಂಬಿದಳು. ಪಕ್ಕದ ಅಜ್ಜ ನೋಡಿ ನಕ್ಕು, ತನ್ನ ಸಿಪ್ಪೆಯನ್ನೂ ಅದಕ್ಕೇ ಹಾಕತೊಡಗಿದ. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಐದನೇ ಇನ್ನಿಂಗ್ಸ್ ಹೊತ್ತಿಗೆ ಅಮ್ಮ ಅವನಿಗೆ ಕೋಡುಬಳೆ ಕೊಟ್ಟಿದ್ದಳು.

ಎರಡನೇ, ಮೂರನೇ ಇನ್ನಿಂಗ್ಸ್‌ಗೆ ಆ ಊರಿನ ಮುಖ್ಯ ತಿಂಡಿ. ಒರಾಕಲ್ ಪಾರ್ಕ್‌ನಲ್ಲಾದರೆ ಗಿಲ್ರಾಯ್ ಗಾರ್ಲಿಕ್ ಫ್ರೈಸ್. ಗಿಲ್ರಾಯ್ ಅಂದರೆ ಸ್ಯಾನ್ ಹೋಸೆಯ ದಕ್ಷಿಣಕ್ಕಿರುವ ಬೆಳ್ಳುಳ್ಳಿಯ ಊರು. ಬಿಸಿ ಆಲೂಗಡ್ಡೆ ಮೇಲೆ ಹೆಚ್ಚಿದ ಬೆಳ್ಳುಳ್ಳಿ, ಎಣ್ಣೆ, ಪಾರ್ಸ್ಲಿ ಸೊಪ್ಪು. ಅಂಗಡಿ ಕಾಣುವ ಮೊದಲೇ ವಾಸನೆ ಬರುತ್ತದೆ. ಬೆಳ್ಳುಳ್ಳಿ ಎಲ್ಲ ಪೊಟ್ಟಣದ ತಳಕ್ಕೆ ಇಳಿದಿರುತ್ತದೆ, ಮೇಲಿನದನ್ನೇ ತಿಂದು ಬಿಡಬೇಡಿ, ಒಂದು ಸಲ ಕುಲುಕಿ. ಈಗ ಚಟ್ನಿಪುಡಿ ತೆಗೆಯಿರಿ. ಅರ್ಧ ಫ್ರೈಸ್ ಹಾಗೇ ತಿನ್ನಿ, ಅರ್ಧಕ್ಕೆ ಚಟ್ನಿಪುಡಿ ಉದುರಿಸಿ. ಬೆಳ್ಳುಳ್ಳಿ, ಒಣ ಮೆಣಸಿನಕಾಯಿ, ಒಣ ಕೊಬ್ಬರಿ, ಬಿಸಿ ಆಲೂಗಡ್ಡೆ... ನಮ್ಮ ಹಿಂದಿನ ಸಾಲಿನವರು ಅದೇನು ಅಂತ ಕೇಳಿದರು, ಕೊಟ್ಟೆವು.

ಹಾಟ್ ಡಾಗ್ ತಿನ್ನುವವರು ನಾಲ್ಕನೇ ಇನ್ನಿಂಗ್ಸ್‌ಗೆ ಇಟ್ಟುಕೊಳ್ಳಿ. ಆರನೇ ಇನ್ನಿಂಗ್ಸ್‌ಗೆ ಕ್ರ್ಯಾಕರ್ ಜ್ಯಾಕ್: ಪಾಪ್‌ಕಾರ್ನ್ ಮತ್ತು ಕಡಲೆಬೀಜಕ್ಕೆ ಸಕ್ಕರೆ ಪಾಕ. ಕಡಲೆಮಿಠಾಯಿಯ ಅಮೆರಿಕದ ತಮ್ಮ ಅಂದುಕೊಳ್ಳಿ. ಏಳನೇ ಇನ್ನಿಂಗ್ಸ್ ಮಧ್ಯದಲ್ಲಿ ಎಲ್ಲರೂ ಎದ್ದು ನಿಂತು 1908ರ ಒಂದು ಹಾಡು ಹೇಳುತ್ತಾರೆ. ಆ ಹಾಡಿನಲ್ಲೇ ಕಡಲೆಕಾಯಿ, ಕ್ರ್ಯಾಕರ್ ಜ್ಯಾಕ್ ಎರಡೂ ಬರುತ್ತವೆ. ಕೈಯಲ್ಲಿ ಪೊಟ್ಟಣ ಇದ್ದರೆ ಮೇಲೆತ್ತಿ ತೋರಿಸಿ.

ಕೊನೆಗೆ ಐಸ್‌ಕ್ರೀಮ್. ಪುಟ್ಟ ಪ್ಲಾಸ್ಟಿಕ್ ಹೆಲ್ಮೆಟ್‌ನಲ್ಲಿ ಹಾಕಿ ಕೊಡುತ್ತಾರೆ. ತೊಳೆದು ಮನೆಗೆ ತನ್ನಿ. ನಮ್ಮ ಮನೆಯಲ್ಲಿ ಅಂಥ ಒಂಬತ್ತು ಹೆಲ್ಮೆಟ್ ಇವೆ. ಒಂದರಲ್ಲಿ ಸಾಸಿವೆ, ಒಂದರಲ್ಲಿ ಜೀರಿಗೆ.

ಸಸ್ಯಾಹಾರಿಗಳಿಗೆ, ಬೀಫ್ ತಿನ್ನದವರಿಗೆ

ಹಾಟ್ ಡಾಗ್ ಅಂದರೆ ಹೆಚ್ಚಾಗಿ ಬೀಫ್, ಇಲ್ಲವೇ ಪೋರ್ಕ್. ಚಿಕನ್ ಇರಬಹುದು ಅಂತ ಊಹೆ ಮಾಡಬೇಡಿ. ನಾಚೋಸ್ ಮೇಲೆ ಸುರಿಯುವ 'ಚಿಲಿ' ನಮ್ಮ ಮೆಣಸಿನಕಾಯಿ ಚಟ್ನಿಯಲ್ಲ, ಅದು ಮಾಂಸದ ಸಾರು. 'ನೋ ಚಿಲಿ, ಜಸ್ಟ್ ಚೀಸ್' ಅಂತ ಎರಡು ಸಲ ಹೇಳಿ. ಒಂದು ಕಡೆ ನಾನು ಒಂದೇ ಸಲ ಹೇಳಿದ್ದೆ. ಕೌಂಟರ್ ಹುಡುಗಿ ತಲೆ ಆಡಿಸಿ, ಅಭ್ಯಾಸ ಬಲದಲ್ಲಿ ಸುರಿದೇ ಬಿಟ್ಟಳು. ಆ ತಟ್ಟೆ ಪಕ್ಕದ ಸೀಟಿನ ಕಾಲೇಜು ಹುಡುಗರ ಪಾಲಾಯಿತು.

ಫ್ರೈಸ್ ಕರಿಯುವ ಎಣ್ಣೆಯಲ್ಲೇ ಚಿಕನ್ ಕರಿದಿರಬಹುದು. ಕಟ್ಟುನಿಟ್ಟಾಗಿ ಇರುವವರು ಕೇಳಿಯೇ ತಗೊಳ್ಳಿ. ಎಣ್ಣೆಯ ಗೊಡವೆಯೇ ಬೇಡ ಅಂದರೆ ಮೆತ್ತನೆ ಪ್ರೆಟ್ಜೆಲ್ ಇದೆ, ಚೀಸ್ ಪಿಟ್ಸಾ ಇದೆ, ಸುಟ್ಟ ಜೋಳ ಕೆಲವು ಕಡೆ ಇದೆ. ಸಸ್ಯಾಹಾರಿ ಬರ್ಗರ್, ಸಸ್ಯಾಹಾರಿ ಹಾಟ್ ಡಾಗ್ ಈಗ ಬಹಳ ಕಡೆ ಬಂದಿವೆ, ಡಾಡ್ಜರ್ ಸ್ಟೇಡಿಯಂನಲ್ಲೂ. ಒರಾಕಲ್ ಪಾರ್ಕ್‌ನ ಸೆಂಟರ್ ಫೀಲ್ಡ್ ಹಿಂದೆ 2014ರಿಂದ ಒಂದು ತರಕಾರಿ ತೋಟವೇ ಇದೆ. ಅಲ್ಲಿ ಬೆಳೆದದ್ದನ್ನು ಅಲ್ಲೇ ಅಡುಗೆಗೆ ಬಳಸುತ್ತಾರೆ. ಬಾಳೆ ಗಿಡ ಇಲ್ಲ ಅನ್ನುವುದೊಂದೇ ಅಮ್ಮನ ಕೊರಗು.

ಬೇರೆ ಊರಿನ ತಿಂಡಿ: ಯಾವುದು ನಿಜವಾಗಿಯೂ ಹುಡುಕಿಕೊಂಡು ಹೋಗುವಂಥದ್ದು

ಇದು ಪೂರ್ತಿ ನನ್ನ ನಾಲಿಗೆಯ ತೀರ್ಮಾನ. ನಾನು ಮಾಂಸ ತಿನ್ನುತ್ತೇನೆ, ಬೀಫ್ ಇಲ್ಲ. ಹಾಗಾಗಿ ಬೀಫ್ ವಿಷಯದಲ್ಲಿ ಜೊತೆಗೆ ಬಂದ ಗೆಳೆಯರ ಮಾತು ನಂಬಿದ್ದೇನೆ.

ಶಿಕಾಗೊ ಹಾಟ್ ಡಾಗ್‌ಗೆ ಗಸಗಸೆ ಹಾಕಿದ ಬನ್ನು, ಸಾಸಿವೆ, ಈರುಳ್ಳಿ, ಗಿಳಿ ಹಸಿರಿನ ರೆಲಿಶ್, ಟೊಮ್ಯಾಟೊ ಹೋಳು, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ, ಪುಟ್ಟ ಮೆಣಸಿನಕಾಯಿ, ಮೇಲೆ ಸೆಲರಿ ಉಪ್ಪು. ಚುರುಮುರಿಯಷ್ಟೇ ಸಾಮಾನು. ಕೆಚಪ್ ಮಾತ್ರ ಕೇಳಬೇಡಿ. ಬಿಸಿಬೇಳೆಬಾತ್‌ಗೆ ಕೆಚಪ್ ಕೇಳಿದರೆ ನಮ್ಮ ಹೋಟೆಲ್ ಮಾಣಿ ಹೇಗೆ ನೋಡುತ್ತಾನೋ ಹಾಗೆ ನೋಡುತ್ತಾರೆ. ಡಾಡ್ಜರ್ ಡಾಗ್ ಹತ್ತು ಇಂಚು ಉದ್ದ, ಬನ್ನಿನ ಎರಡೂ ಕಡೆ ಹೊರಗೆ ಇಣುಕುತ್ತದೆ. ಹೆಸರು ದೊಡ್ಡದು, ರುಚಿ ಸುಮಾರು ಅಂತ ನನ್ನ ಅಭಿಪ್ರಾಯ.

ಪಿಟ್ಸ್‌ಬರ್ಗ್‌ನಲ್ಲಿ ಪ್ರಿಮಾಂಟಿ ಸ್ಯಾಂಡ್‌ವಿಚ್ ಬಿಡಬೇಡಿ. ಫ್ರೈಸ್ ಪಕ್ಕಕ್ಕಲ್ಲ, ಸ್ಯಾಂಡ್‌ವಿಚ್ ಒಳಗೇ ಇಟ್ಟು, ಎಲೆಕೋಸಿನ ಕೋಸಂಬರಿಯಂಥದ್ದನ್ನು ಮೇಲೆ ಹಾಕಿ ಒತ್ತಿರುತ್ತಾರೆ. ವಡಾ ಪಾವ್ ಕಂಡು ಹಿಡಿದವರ ನೆಂಟರೇ ಇರಬೇಕು. ಬಾಲ್ಟಿಮೋರ್‌ನ ಕ್ಯಾಮ್ಡೆನ್ ಯಾರ್ಡ್ಸ್‌ನಲ್ಲಿ (1992) ಹಳೆ ಇಟ್ಟಿಗೆ ಗೋದಾಮಿನ ಪಕ್ಕದ ಬೀದಿಯಲ್ಲಿ, ಆ ಟೀಮಿನ ಹಳೆ ಆಟಗಾರ ಬೂಗ್ ಪವೆಲ್ ಹೆಸರಿನ ಬಾರ್ಬೆಕ್ಯೂ ಅಂಗಡಿ ಇದೆ. ಅಲ್ಲಿ ಪಿಟ್ ಬೀಫ್ ಫೇಮಸ್, ನಾನು ಹೊಗೆಯ ವಾಸನೆಗೇ ತೃಪ್ತಿಪಟ್ಟೆ. ಆ ಬೀದಿಯ ನೆಲ ನೋಡಿಕೊಂಡು ನಡೆಯಿರಿ. ಹೋಮ್ ರನ್ ಚೆಂಡು ಬಿದ್ದ ಕಡೆಯೆಲ್ಲ ಕಂಚಿನ ಫಲಕ ಹೂತಿದ್ದಾರೆ. ಸ್ಯಾನ್ ಡಿಯಾಗೊದ ಪೆಟ್ಕೊ ಪಾರ್ಕ್‌ನಲ್ಲಿ ಮೀನಿನ ಟಾಕೊ. ಮಂಗಳೂರಿನವರೂ ಒಪ್ಪುತ್ತಾರೆ, ಸ್ವಲ್ಪ ಖಾರ ಕಡಿಮೆ ಅಂತ ಹೇಳಿ ಒಪ್ಪುತ್ತಾರೆ. ಮಿಲ್ವಾಕಿಯಲ್ಲಿ ಸಾಸೇಜ್ ತಿಂದರೆ ಸಾಲದು. ಆರನೇ ಇನ್ನಿಂಗ್ಸ್‌ನಲ್ಲಿ ಸಾಸೇಜ್ ವೇಷ ಹಾಕಿದವರು ಮೈದಾನದಲ್ಲಿ ಓಟದ ಪಂದ್ಯ ನಡೆಸುತ್ತಾರೆ, ಅದನ್ನೂ ನೋಡಬೇಕು.

ಸಿಯಾಟಲ್‌ನಲ್ಲಿ ಮಿಡತೆ. ಹೌದು, ಹುರಿದ ಮಿಡತೆ, ಖಾರ ಮತ್ತು ನಿಂಬೆ ಹಾಕಿ. ಮೆಕ್ಸಿಕೊದ ಓಹಾಕ ಕಡೆಯ ತಿಂಡಿ, 2017ರಿಂದ ಅಲ್ಲಿ ಮಾರುತ್ತಾರೆ. ಶುರುವಿನಲ್ಲಿ ಒಂದು ಮ್ಯಾಚಿಗೆ 312 ಕಪ್ ಮಾತ್ರ ಅಂತ ಮಿತಿ ಹಾಕಿದ್ದರು, ಆ ಟೀಮಿನ ಹಳೆ ಆಟಗಾರ ಎಡ್ಗರ್ ಮಾರ್ಟಿನೆಜ್‌ನ ಬ್ಯಾಟಿಂಗ್ ಸರಾಸರಿ .312 ಅನ್ನುವ ನೆನಪಿಗೆ. ಎರಡನೇ ಸಲ ಟೀಮ್ ಊರಲ್ಲಿದ್ದಾಗ ಹೋಗಿ ತಿಂದೆ. ಕರುಂ ಕುರುಂ ಅನ್ನುತ್ತದೆ. ಒಂದು ಕಪ್ಪಿನಲ್ಲಿ ಎಷ್ಟಿದ್ದವೋ, ನಾನು ಎಣಿಸಲಿಲ್ಲ.

ಕೊನೆಯದಾಗಿ, ಸೀಟಿನಲ್ಲಿ ಕೂತಾಗ

ಬ್ಯಾಟ್ಸ್‌ಮನ್ ಆಡುತ್ತಿರುವಾಗ ಮೆಟ್ಟಿಲಿಳಿದು ಸೀಟಿಗೆ ಹೋಗಬೇಡಿ. ಮೇಲೆ ಕಾಯಿರಿ, ಅವನ ಸರದಿ ಮುಗಿದ ಮೇಲೆ ಇಳಿಯಿರಿ. ಕೆಲವು ಕಡೆ ಸ್ಟೇಡಿಯಂನವರೇ ಕೈ ಅಡ್ಡ ಹಿಡಿದು ನಿಲ್ಲಿಸುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ.

ಚೆಂಡು ನಿಮ್ಮ ಕಡೆ ಬಂದು ಕೈಗೆ ಸಿಕ್ಕರೆ ಅದು ನಿಮ್ಮದೇ. ಕ್ರಿಕೆಟ್‌ನ ಹಾಗೆ ವಾಪಸ್ ಎಸೆಯಬೇಕಿಲ್ಲ. ರಿಗ್ಲಿಯಲ್ಲಿ ಮಾತ್ರ ಎದುರಾಳಿ ಹೊಡೆದ ಹೋಮ್ ರನ್ ಚೆಂಡನ್ನು ಮೈದಾನಕ್ಕೆ ತಿರುಗಿ ಎಸೆಯುವ ಪದ್ಧತಿ ಇದೆ, ಸುತ್ತಲಿನವರು ಬಿಡುವುದಿಲ್ಲ. ಹೋಮ್ ಪ್ಲೇಟ್ ಹಿಂದೆ ಬಲೆ ಇದೆ, ಆದರೆ ಅದು ಮುಗಿದ ಕಡೆ ಫೋನ್ ನೋಡುತ್ತಾ ಕೂರಬೇಡಿ. ಫೌಲ್ ಚೆಂಡು ಗುಂಡಿನ ಹಾಗೆ ಬರುತ್ತದೆ.

ಮಳೆ ಬಂದರೆ ಗಾಬರಿ ಬೇಡ. ಕಾಯಿಸುತ್ತಾರೆ. ಐದು ಇನ್ನಿಂಗ್ಸ್ ಆಗಿದ್ದರೆ ಫಲಿತಾಂಶ ಕೊಟ್ಟು ನಿಲ್ಲಿಸಬಹುದು. ಶುರುವೇ ಆಗದಿದ್ದರೆ ಬೇರೆ ದಿನ ಆಡುತ್ತಾರೆ, ಸಾಮಾನ್ಯವಾಗಿ ಅದೇ ಟಿಕೆಟ್ ನಡೆಯುತ್ತದೆ. ಆದ್ದರಿಂದ ಟಿಕೆಟ್ ಅನ್ನು ಆ್ಯಪ್‌ನಿಂದ ಅಳಿಸಬೇಡಿ.

ಒರಾಕಲ್ ಪಾರ್ಕ್‌ಗೆ ಬಂದವರಿಗೆ ಇನ್ನೊಂದು ಎಚ್ಚರಿಕೆ. ಎಂಟನೇ ಇನ್ನಿಂಗ್ಸ್ ಹೊತ್ತಿಗೆ ಸಮುದ್ರದ ಕಡೆಯಿಂದ ಸೀಗಲ್ ಹಕ್ಕಿಗಳು ಬಂದು ಮೇಲೆ ಸುತ್ತತೊಡಗುತ್ತವೆ. ಮ್ಯಾಚ್ ಮುಗಿಯುವುದು ಅವಕ್ಕೆ ಹೇಗೆ ಗೊತ್ತಾಗುತ್ತದೋ. ಜನ ಎದ್ದ ತಕ್ಷಣ ಸೀಟುಗಳ ಮೇಲೆ ಇಳಿದು ಫ್ರೈಸ್, ಬನ್ನು, ಎಲ್ಲ ಮುಗಿಸುತ್ತವೆ. ಅವಸರದ ಹಕ್ಕಿಗಳು ಅಷ್ಟೂ ಕಾಯುವುದಿಲ್ಲ. ಅವತ್ತು ಅಪ್ಪ ಕೊನೆಗೂ ಆಟದಲ್ಲಿ ಮುಳುಗಿ, ಎದ್ದು ನಿಂತು ಕೂಗುತ್ತಿದ್ದರು. ಪೊಟ್ಟಣ ಪಕ್ಕದ ಕುರ್ಚಿ ಮೇಲಿತ್ತು. ತಿರುಗುವಷ್ಟರಲ್ಲಿ ಒಂದು ಸೀಗಲ್ ಅದರೊಳಗೆ ತಲೆ ಹಾಕಿತ್ತು. ಅಮ್ಮ ಸಿಪ್ಪೆ ಕವರ್ ಬೀಸಿ ಓಡಿಸಿದಳು. "ಚಟ್ನಿಪುಡಿ ಹಾಕಿದ್ದು ಕಣೋ ಅದು," ಅಂದಳು, "ಪಾಪ, ನೀರಿಗೆ ಎಲ್ಲಿಗೆ ಹೋಗತ್ತೋ."